ನಲವತ್ತೆಂಟು ಟೈಲಿನ ಆಕಾಶ

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ, ನಾನು ಮೂವತ್ತೊಂದು ವರ್ಷ ದುಡಿದ ಹಿರಿಯೂರಿನ ಅದೇ ಟೈಲ್ ವರ್ಕ್‌ಶಾಪಿಗೆ ಸೇರಲು ಹೊರಟವರು. ಸೋಫಾದ ತುದಿಯಲ್ಲಿ ಕುಳಿತು, ನೋಟ್‌ಬುಕ್ ಬಿಚ್ಚಿಟ್ಟುಕೊಂಡು, "ಮಿಸ್, ಅಲ್ಲಿ ಕೆಲಸ ಹೆಂಗಿರುತ್ತೆ, ಸ್ವಲ್ಪ ಗೈಡ್ ಮಾಡ್ರಿ" ಅಂದರು. ಗಂಭೀರವಾಗಿ ಶುರು ಮಾಡೋಣವೆಂದು ಕನ್ನಡಕ ಸರಿಮಾಡಿಕೊಂಡು ಬಾಯಿ ತೆರೆದೆ. ನಗು ಬಂತು. ತಡೆದುಕೊಂಡೆ. ಮತ್ತೆ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕಾಫಿ ಕೊಟ್ಟು, ಅವರನ್ನು ಹಾಗೆಯೇ ಕಳಿಸಿಬಿಟ್ಟೆ. ಪಾಪ, ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಬಿದ್ದಿರಲಿಲ್ಲ. ಆ ಖಾಲಿ ಪೇಜಿನ ಋಣ ತೀರಿಸಲು ಇದನ್ನು ಬರೆಯುತ್ತಿದ್ದೇನೆ.

ಕಾಗದದ ಮೇಲೆ ಬಣ್ಣ ಹಚ್ಚುವವರು ಹಚ್ಚಿದ ಕೂಡಲೇ ಫಲ ಕಾಣುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಒಂದು ಸಲ ಸುಟ್ಟ ಟೈಲನ್ನು ಗ್ಲೇಜ್ ಎಂಬ ಬಿಳಿ ದ್ರವದಲ್ಲಿ ಅದ್ದಿ ತೆಗೆದರೆ, ಅದು ಒಣಗಿ ಮೈದಾ ಹಿಟ್ಟು ಬಳಿದಂತೆ ಕಾಣುತ್ತದೆ. ಆ ಹಿಟ್ಟಿನ ಮೇಲೆ ಬ್ರಷ್ ಎಳೆಯಬೇಕು. ಉಸಿರು ಜೋರಾದರೆ ಹಿಟ್ಟು ಹಾರುತ್ತದೆ, ಬಳೆ ತಗುಲಿದರೆ ಗೀರು ಬೀಳುತ್ತದೆ. ಅಳಿಸಲು ರಬ್ಬರ್ ಇಲ್ಲ. ಬಣ್ಣಗಳಂತೂ ಮಹಾ ಸುಳ್ಳುಬುರುಕರು. ಭಟ್ಟಿಯೊಳಗೆ ಬೆಂದು ನವಿಲಿನ ಕತ್ತಿನ ನೀಲಿಯಾಗಿ ಹೊರಬರುವ ಕೋಬಾಲ್ಟ್, ಹಚ್ಚುವಾಗ ಪಾತ್ರೆ ತೊಳೆದ ನೀರಿನ ಹಾಗೆ ಬೂದು. ಏನು ಬರೆಯುತ್ತಿದ್ದೀರಿ ಎಂಬುದು ನಿಮ್ಮ ತಲೆಯಲ್ಲಿರಬೇಕು, ಕಣ್ಣನ್ನು ನಂಬುವಂತಿಲ್ಲ.

ಇದು ನನಗೆ ಗೊತ್ತಾದದ್ದು ಸೇರಿದ ಮೊದಲ ವಾರದಲ್ಲೇ. ನಾನು ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ವಾಟರ್ ಕಲರ್ ಕಲಿಸುತ್ತಿದ್ದ ಸಿಸ್ಟರ್, "ಪೇಶೆನ್ಸ್, ವತ್ಸಲಾ, ಪೇಶೆನ್ಸ್" ಎನ್ನುತ್ತ ನನ್ನ ಕೈಯಿಂದ ಬ್ರಷ್ ಕಿತ್ತುಕೊಳ್ಳುತ್ತಿದ್ದರು. ಆ ಪೇಶೆನ್ಸ್ ನನಗೆ ಹತ್ತಲೇ ಇಲ್ಲ. ನೀಲಿ ಕೊಳ, ನಾಲ್ಕು ಹಂಸ, ಇದು ನನ್ನ ಮೊದಲ ಕೆಲಸ. ಕೊಳ ತೀರಾ ಪೇಲವವಾಗಿ ಕಂಡಿತೆಂದು ಇನ್ನೊಂದು ಸಲ ಬಣ್ಣ ಬಳಿದೆ. ಸಾಲದೆನಿಸಿ ಮೂರನೆಯ ಸಲವೂ ಬಳಿದೆ. ಎರಡು ದಿನದ ಮೇಲೆ ಭಟ್ಟಿ ತೆಗೆದರೆ ಕೊಳವೆಲ್ಲ ಡಾಂಬರು. ಹಂಸಗಳು ಅದರೊಳಗೆ ಕೊಕ್ಕಷ್ಟೇ ಹೊರಹಾಕಿ ಮುಳುಗಿದ್ದವು.

ನಮ್ಮ ಮ್ಯಾನೇಜರ್ ಗಂಗಾಧರಪ್ಪನವರು ಆ ಟೈಲನ್ನು ಕೈಗೆತ್ತಿಕೊಂಡು ಬೆರಳಿನ ಉಂಗುರದಿಂದ ಒಮ್ಮೆ ತಟ್ಟಿದರು. ಬಿರುಕಿದ್ದರೆ 'ಟಪ್' ಅನ್ನುತ್ತದೆ, ಗಟ್ಟಿ ಇದ್ದರೆ 'ಟಣ್' ಅನ್ನುತ್ತದೆ. ಟಣ್ ಅಂದಿತು.

"ಸೌಂಡ್ ಚೆನ್ನಾಗೈತೆ ಮಿಸ್," ಅಂದರು. "ಚಿತ್ರನೇ ಕಾಣಲ್ಲ."

ನನ್ನ ಸಪ್ಪೆ ಮುಖ ಕಂಡು, ಭಟ್ಟಿಗೆ ಟೈಲ್ ತುಂಬುವ ಹೆಂಗಸು ಪಕ್ಕಕ್ಕೆ ಬಂದು ನಿಂತಳು. "ರಾತ್ರಿ ಅಂದ್ಕಳ್ರಿ ಮಿಸ್. ಬಾತುಕೋಳಿ ಮಲಗ್ಯಾವೆ."

ಅವಳೇ ರುದ್ರಕ್ಕ. ಐಮಂಗಲದ ಆಚೆಯ ಹಟ್ಟಿಯವಳು, ಕುರಿ ಸಾಕುವ ಮನೆಯ ಹೆಣ್ಣುಮಗಳು. ಗಂಡ ವರ್ಷದಲ್ಲಿ ಅರ್ಧ ಕಾಲ ಮಂದೆಯ ಹಿಂದೆ ಊರೂರು ತಿರುಗುತ್ತಿದ್ದ. ಇವಳು ದಿನಾ ಬೆಳಿಗ್ಗೆ ಹೈವೇಯಲ್ಲಿ ಕೈ ತೋರಿಸಿ, ಸಿಕ್ಕ ಟೆಂಪೋ ಹತ್ತಿ ಹಿರಿಯೂರಿಗೆ ಬರುತ್ತಿದ್ದಳು. ಹಸಿ ಬಣ್ಣದ ಟೈಲನ್ನು ಅಂಚು ಮಾತ್ರ ಹಿಡಿದು, ಪಕ್ಕದ್ದಕ್ಕೆ ಒಂದು ಕೂದಲೆಳೆಯೂ ತಾಗದಂತೆ ಭಟ್ಟಿಯೊಳಗೆ ಜೋಡಿಸುವ ಕೈ ಅವಳದೊಂದೇ. ನಾವು ಬರೆಯುವವರು ಮೂಗಿನ ಮೇಲೆ ಬಣ್ಣ ಹಚ್ಚಿಕೊಂಡು ಆರ್ಟಿಸ್ಟ್ ಎಂದು ಮೆರೆಯುತ್ತಿದ್ದೆವು. ನಮ್ಮ ಚಿತ್ರ ಉಳಿಯುತ್ತಿದ್ದದ್ದು ಮಾತ್ರ ಅವಳ ಹೆಬ್ಬೆರಳು ತೋರುಬೆರಳಿನ ನಡುವೆ.

ಗಂಗಾಧರಪ್ಪನವರ ಬಗ್ಗೆಯೂ ಹೇಳಬೇಕು. ಹೊಳಲ್ಕೆರೆಯವರು. ಮೊದಲು ಹೆಂಚಿನ ಕಾರ್ಖಾನೆಯಲ್ಲಿದ್ದು ನಮ್ಮಲ್ಲಿಗೆ ಬಂದವರು. "ಹೆಂಚಿನ ಮೇಲೆ ಯಾರೂ ಹೂವ ಬರೀರಿ ಅಂತಿರಲಿಲ್ಲ. ಸೋರದೇ ಇದ್ರೆ ಸಾಕಿತ್ತು," ಎಂದು ಹಳೆಯ ಸುಖವನ್ನು ನೆನೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ನೇರ ಗೆರೆ, ನೇರ ಅಂಚು, ನೇರ ಮಾತು. ವರ್ಕ್‌ಶಾಪಿನಲ್ಲಿ ಎಲ್ಲಾದರೂ ಒಂದು ಬಕೆಟ್ ಓರೆಯಾಗಿದ್ದರೆ ಅದನ್ನು ಸರಿಮಾಡಿಯೇ ಮುಂದೆ ಹೋಗುತ್ತಿದ್ದರು. ಪ್ರಿಂಟಿಂಗ್ ಮಷೀನ್ ಬಂದ ದಿನ ಅವರ ಮುಖದಲ್ಲಿ ನಾನು ಕಂಡ ಆನಂದವನ್ನು ಮದುವಣಿಗರ ಮುಖದಲ್ಲೂ ಕಂಡಿಲ್ಲ. ಕಂಪ್ಯೂಟರಿನಲ್ಲಿ ಫೋಟೋ ಹಾಕಿದರೆ ಆ ಬದಿಯಿಂದ ನೂರಾರು ಟೈಲು ಒಂದೇ ಸಮ ಹೊರಬರುತ್ತಿದ್ದವು.

"ಈ ಮಷೀನಿಗೆ ಬಳೆ ಇಲ್ಲ, ಕೆಮ್ಮಿಲ್ಲ, ತವರಿನ ಹಬ್ಬ ಇಲ್ಲ," ಅಂದರು.

"ಬಾಯೂ ಇಲ್ಲ ಬಿಡ್ರಿ ಸಾರ್," ಅಂದಳು ರುದ್ರಕ್ಕ. "ನಿಮಗೆ ಬ್ಯಾಸರ ಆದಾತು."

ಎಂಟು ಜನ ಬರೆಯುವವರಿದ್ದೆವು. ಮಷೀನ್ ಬಂದ ಮೇಲೆ ಮೂವರಾದೆವು. 'ಹ್ಯಾಂಡ್ ಪೇಂಟೆಡ್ಡೇ ಬೇಕು' ಎಂದು ಹಟ ಹಿಡಿಯುವ ಗಿರಾಕಿಗಳಿಗಾಗಿ ನಮ್ಮನ್ನು ಇಟ್ಟುಕೊಂಡಿದ್ದರು. ಅಂಥ ಗಿರಾಕಿ ವರ್ಷಕ್ಕೊಬ್ಬರೋ ಇಬ್ಬರೋ. ನಾನು ರಿಟೈರ್ ಆಗಲು ಎರಡು ವರ್ಷ ಇದ್ದಾಗ ಅಂಥವರೊಬ್ಬರು ಬಂದರು.

ಬಾಷಾ ಸಾಬರು. ಐಮಂಗಲದ ಹತ್ತಿರ ಹೈವೇ ಮೇಲೆ ಅವರದೊಂದು ಹೋಟೆಲಿತ್ತು, ಅದಕ್ಕೆ ದೊಡ್ಡದೊಂದು ಹಾಲ್ ಹೊಸದಾಗಿ ಕಟ್ಟಿಸಿದ್ದರು. ಬಂದವರೇ ಚಪ್ಪಲಿ ಹೊರಗೆ ಬಿಟ್ಟು ನನ್ನ ಟೇಬಲ್ ಎದುರು ಕುಳಿತರು.

"ಬೆಂಗಳೂರಿಂದ ಬರೋರೂ, ಪುಣೆಯಿಂದ ಬರೋರೂ ನಮ್ಮಲ್ಲಿ ಊಟಕ್ಕೆ ನಿಲ್ಲಿಸ್ತಾರೆ ಮಿಸ್. ಎಲ್ಲಾರೂ ಸಿರಾ ದಾಟೇ ಬಂದಿರ್ತಾರೆ, ಇಲ್ಲಾ ದಾಟೇ ಹೋಗ್ತಾರೆ. ರೋಡಿನ ಪಕ್ಕದಾಗೆ ಮೊಗಲರ ರಾಜಧಾನಿ ಒಂದಿತ್ತು ಅಂತ ಒಬ್ಬರಿಗೂ ಗೊತ್ತಿಲ್ಲ. ಬಿರಿಯಾನಿ ಬರೋ ತನಕ ಸುಮ್ನೆ ಗೋಡೆ ನೋಡ್ತಾ ಕುಂತಿರ್ತಾರಲ್ಲ, ಆ ಗೋಡೆ ಮೇಲೆ ನಮ್ಮ ಸಿರಾ ಬರಬೇಕು. ಕೈಯಾಗೆ ಬರೀಬೇಕು. ಮಷೀನ್ ಬಿಲ್ಕುಲ್ ಬೇಡ."

ಗಂಗಾಧರಪ್ಪನವರು ಮಷೀನಿನ ಕಡೆ ನೋಡಿ ನಿಟ್ಟುಸಿರಿಟ್ಟರು.

ಇಷ್ಟೆಲ್ಲ ಯಾರಿಗಾಗಿ ಎಂಬುದು ಆಮೇಲೆ ತಿಳಿಯಿತು. ಸಾಬರ ತಾಯಿ ಶಿರಾದಲ್ಲಿ, ಕೋಟೆಯ ಬೀದಿಯಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗಿ ಹಿರಿಯೂರಿಗೆ ಬಂದವರು. ಈಗ ಮಂಡಿನೋವು, ಕಾರಿನಲ್ಲಿ ಕೂರಿಸಿದರೆ ಅರ್ಧ ಗಂಟೆ ತಾಳುವುದೂ ಕಷ್ಟ. ಹೊಸ ಹಾಲನ್ನು ದಸರಾ ಕಳೆದ ಮುಂದಿನ ಶುಕ್ರವಾರ, ನಮಾಜ್ ಮುಗಿದ ಮೇಲೆ ಶುರು ಮಾಡುವುದು, ಅಮ್ಮಿಯನ್ನು ಆ ಗೋಡೆಯ ಮುಂದೆ ಕೂರಿಸುವುದು, ಇದು ಅವರ ಪ್ಲಾನ್.

ಹದಿನಾರು ಟೈಲು ಅಗಲ, ಹನ್ನೆರಡು ಟೈಲು ಎತ್ತರ. ನಾನು ಖುಷಿಯಿಂದ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸ್ಕೆಚ್ ಮಾಡಲು ಶಿರಾಕ್ಕೆ ಹೊರಟಾಗ, "ಲೇಡೀಸ್ ಒಬ್ರೇ ಹೋಗೋದು ಬೇಡ" ಎಂದು ಗಂಗಾಧರಪ್ಪನವರು ರುದ್ರಕ್ಕನನ್ನು ಜೊತೆ ಮಾಡಿದರು. ಬಸ್ಸಿನಲ್ಲಿ ಇಬ್ಬರೂ ಶೇಂಗಾ ತಿನ್ನುತ್ತ ಪಿಕ್‌ನಿಕ್ಕಿಗೆ ಹೊರಟ ಶಾಲೆಯ ಹುಡುಗಿಯರ ಹಾಗೆ ಹೋದೆವು. ಕೋಟೆಯ ಕಂದಕ, ಕಲ್ಲಿನ ಜುಮ್ಮಾ ಮಸೀದಿ, ಗುಮ್ಮಟದ ಗೋರಿ, ದೊಡ್ಡ ಕೆರೆ. ಬೆಂಗಳೂರಿನ ದೊಡ್ಡ ತೋಟಕ್ಕೆ ಮಾದರಿ ಇಲ್ಲಿದ್ದ ತೋಟವೇ ಎಂದು ಊರಿನವರು ಹೇಳಿದರು. ಆ ತೋಟ ಎಲ್ಲಿತ್ತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ಕೋಟೆಯೊಳಗೆ ಯಾವ ಕಡೆಯಿಂದ ಬರೆದರೆ ಚೆನ್ನ ಎಂದು ನಾನು ಸುತ್ತುತ್ತಿದ್ದಾಗ ರುದ್ರಕ್ಕ ಕರೆದಳು.

"ರಾಜ ಎಲ್ಲಿ ಕುಂತಿದ್ದ ಅಂತ ನನಗೆ ಗೊತ್ತಿಲ್ಲ ಮಿಸ್. ಆಡು ಎಲ್ಲಿ ಕುಂತೈತೆ ನೋಡ್ರಿ, ಅಲ್ಲಿ ನೆಳ್ಳು ಐತೆ. ನೀವೂ ಅಲ್ಲೇ ಕುಂತ್ಕಳ್ರಿ."

ಆಡಿನ ಪಕ್ಕ ಕುಳಿತೇ ಬರೆದೆ. ಅದನ್ನೂ ಚಿತ್ರದಲ್ಲಿ ಸೇರಿಸಿದೆ.

ವರ್ಕ್‌ಶಾಪಿಗೆ ಬಂದು ಕೆಳಗಿನ ಒಂಬತ್ತು ಸಾಲು ಮುಗಿಸಿದೆ. ಮಸೀದಿ, ಕೋಟೆ, ತೋಟ, ಕಾರಂಜಿ, ಕುದುರೆಗಳು. ಇಲ್ಲದ ತೋಟಕ್ಕೆ ಪುಸ್ತಕಗಳನ್ನು ನೋಡಿ ಹೂ ತುಂಬಿದೆ. ಎಲ್ಲ ಭಟ್ಟಿಯಿಂದ ಮುತ್ತಿನ ಹಾಗೆ ಹೊರಬಂದವು. ಗಂಗಾಧರಪ್ಪನವರು ಒಂದೊಂದನ್ನೂ ತಟ್ಟಿ, ಎಲ್ಲವೂ ಟಣ್ ಅಂದಾಗ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಗೋಲ್ಡ್ ಮೆಡಲ್. ಉಳಿದದ್ದು ಮೇಲಿನ ಮೂರು ಸಾಲು, ನಲವತ್ತೆಂಟು ಟೈಲು, ಬರೀ ಆಕಾಶ. ವಿದೇಶದ ಕ್ಯಾಲೆಂಡರುಗಳಲ್ಲಿ ಗುಮ್ಮಟಗಳ ಹಿಂದೆ ಇರುತ್ತದಲ್ಲ, ಒಂದು ಮೋಡವೂ ಇಲ್ಲದ ಕಡುನೀಲಿ, ಅದನ್ನೇ ಹಚ್ಚಿದೆ. ಹಚ್ಚಿದಾಗ ಎಲ್ಲ ಬೂದು. ಒಣಗಲೆಂದು ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟೆವು.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ಗಂಗಾಧರಪ್ಪನವರು ಹೊಳಲ್ಕೆರೆಗೆ ಹೋದರು. ನಾನು ಚಿತ್ರದುರ್ಗದ ಬಸ್ಸಿಗೆ ಹೊರಟು ನಿಂತಿದ್ದೆ. ಬೀಗದ ಕೈ ರುದ್ರಕ್ಕನಿಗೆ ಕೊಟ್ಟು, ಖುಷಿಯ ಭರದಲ್ಲಿ, "ಈ ಸಲ ದೊಡ್ಡ ಆರ್ಡರ್ ರುದ್ರಕ್ಕ, ಪೂಜೆ ಚೆನ್ನಾಗಿ ಮಾಡು. ಯಾವುದನ್ನೂ ಬಿಡಬೇಡ" ಅಂದೆ. ಈ ಮಾತು ಅಂದದ್ದು ನಾನು. ಇದನ್ನು ನೀವು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆಮೇಲೆ ನಾನು ಮರೆತವಳ ಹಾಗೆ ನಟಿಸಿದೆ.

ಹಬ್ಬ ಮುಗಿಸಿ ಬಂದು ನೋಡಿದರೆ ವರ್ಕ್‌ಶಾಪ್ ಘಮಘಮ ಅನ್ನುತ್ತಿತ್ತು. ಭಟ್ಟಿಗೆ ಸೇವಂತಿಗೆ ಹಾರ. ಮಷೀನಿಗೆ ಬಾಳೆಕಂದು. ಬ್ರಷ್ಷುಗಳಿಗೆ, ಬಕೆಟ್ಟುಗಳಿಗೆ, ಗಂಗಾಧರಪ್ಪನವರ ಕುರ್ಚಿಗೆ ಕುಂಕುಮ. ಸ್ಟ್ಯಾಂಡಿನಲ್ಲಿದ್ದ ನಲವತ್ತೆಂಟು ಟೈಲುಗಳಿಗೂ ನಡುಮಧ್ಯೆ ಒಂದೊಂದು ಕೆಂಪು ಬೊಟ್ಟು.

"ಏನ್ ರುದ್ರಕ್ಕ, ಟೈಲಿಗೂ ಇಟ್ಟಿದ್ದೀಯ? ಅದೂ ಎಲ್ಲದಕ್ಕೂ?"

"ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ರೆ ಅದಕ್ಕೆ ಬ್ಯಾಸರ ಆಗಲ್ವ ಮಿಸ್?"

ನನಗೆ ನಗು ತಡೆಯಲಾಗಲಿಲ್ಲ. ಕುಂಕುಮ ಸಾವಿರ ಡಿಗ್ರಿ ಬೆಂಕಿಯಲ್ಲಿ ಹೇಳ ಹೆಸರಿಲ್ಲದೆ ಹೋಗುತ್ತದೆ, ಅದು ನನಗೆ ಗೊತ್ತು. "ಹೋಗಲಿ ಬಿಡು, ಭಟ್ಟಿಗೆ ತುಂಬು" ಅಂದೆ. ಅವಳು ತುಂಬಿದಳು. ನಾನು ಕಂಡದ್ದು ಕುಂಕುಮ ಮಾತ್ರ. ಕುಂಕುಮದ ಕೆಳಗೆ ಅವಳು ಮೂರು ಬೆರಳು ಒದ್ದೆ ಮಾಡಿ ಎಳೆದಿದ್ದ ವಿಭೂತಿ ನನಗೆ ಕಾಣಲಿಲ್ಲ. ಸಿರಿಗೆರೆಯಲ್ಲಿ ಓದುವ ಅವಳ ತಮ್ಮನ ಮಗಳು ಹಬ್ಬಕ್ಕೆಂದು ತಂದುಕೊಟ್ಟ ಶುದ್ಧ ವಿಭೂತಿ ಗಟ್ಟಿಯದು. ಒಣಗಿದ ಬೂದು ಬಣ್ಣದ ಮೇಲೆ ಬೂದಿಯ ಗೆರೆ ಕಾಣುವುದಾದರೂ ಹೇಗೆ?

ಒಂದು ದಿನ ಉರಿ, ಒಂದೂವರೆ ದಿನ ಆರುವುದು. ಮಂಗಳವಾರ ಮಧ್ಯಾಹ್ನ ಭಟ್ಟಿಯ ಬಾಗಿಲು ತೆಗೆದೆವು. ಮೂವರೂ ಬಗ್ಗಿ ನೋಡಿದೆವು.

ಕಡುನೀಲಿ ಬಂದಿತ್ತು, ನಾನು ಬಯಸಿದ್ದೇ. ಅದರ ಮೇಲೆ, ಪ್ರತಿಯೊಂದು ಟೈಲಿನ ಮೇಲೂ, ಅಡ್ಡಡ್ಡ ಮೂರು ಪಟ್ಟೆ. ಕುಂಕುಮ ಬೆಂಕಿಯಲ್ಲಿ ಹೋಗಿತ್ತು. ವಿಭೂತಿ ಹೋಗಿರಲಿಲ್ಲ, ಅದು ಮೊದಲೇ ಒಮ್ಮೆ ಬೆಂದು ಬಂದದ್ದಲ್ಲವೇ. ಬೂದಿ ಗ್ಲೇಜಿನೊಳಗೆ ಕರಗಿ, ಒದ್ದೆ ಬೆರಳು ನೀಲಿಯನ್ನು ಎಳೆದ ಕಡೆ ಹಾಲಿನಂತೆ ಹರಡಿ, ಅಂಚಿನಲ್ಲಿ ಎಳೆಎಳೆಯಾಗಿ ನೀಲಿಗೆ ಸೇರಿಕೊಂಡಿತ್ತು. ಬೂದಿ ಗ್ಲೇಜನ್ನು ಕರಗಿಸುತ್ತದೆ ಎಂಬುದು ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲನೆಯ ಪಾಠ.

ಗಂಗಾಧರಪ್ಪನವರು ಟೈಲನ್ನು ತಟ್ಟಿ ನೋಡುವುದನ್ನೇ ಮರೆತರು.

"ಯಾರು ಮಾಡಿದ್ದಿದು?"

"ನಾನೇ ಸಾರ್. ಪೂಜೆ ಮಾಡೀನಿ," ಅಂದಳು ರುದ್ರಕ್ಕ.

"ಟೈಲಿಗೂ ಪೂಜೆ ಮಾಡು ಅಂತ ಯಾರು ಹೇಳಿದ್ದು?"

ಅವಳು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲ ನೋಡಿದಳು. "ಹಬ್ಬಕ್ಕೆ ಯಾರು ಹೇಳಬೇಕು ಸಾರ್. ಹಬ್ಬ."

ಬಾಯಿ ತೆರೆಯಬೇಕಾದವಳು ನಾನು. ತೆರೆಯಲಿಲ್ಲ. ರಿಟೈರ್ಮೆಂಟಿಗೆ ಎರಡೇ ವರ್ಷ ಇತ್ತು, ಸೀನಿಯರ್ ಆರ್ಟಿಸ್ಟ್ ಎಂಬ ಹೆಸರಿತ್ತು, ಎದುರಿಗೆ ಹಾಳಾದ ಆಕಾಶವಿತ್ತು. ಎಲ್ಲ ಸೇರಿ ನಾಲಿಗೆ ಕಟ್ಟಿತು.

"ನಾಳೆಯಿಂದ ಬರಬೇಡಮ್ಮ," ಅಂದರು ಗಂಗಾಧರಪ್ಪನವರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ರುದ್ರಕ್ಕ ಕೈ ತೊಳೆದುಕೊಂಡು, ಗೋಡೆಗೆ ನೇತುಹಾಕಿದ್ದ ಬುತ್ತಿಯ ಚೀಲ ತೆಗೆದುಕೊಂಡು ಹೊರಟಳು. ನಾನು ಸೇರಿದ ದಿನದಿಂದ ಜೊತೆಗಿದ್ದವಳು.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ತೆಗೆಯುವ ಮೊದಲೇ ನಾನು ಅಲ್ಲಿ ನಿಂತಿದ್ದೆ. ಗಂಗಾಧರಪ್ಪನವರು ಸ್ಕೂಟರ್ ನಿಲ್ಲಿಸುವಷ್ಟೂ ತಾಳದೆ ಎಲ್ಲ ಹೇಳಿದೆ. ಯಾವುದನ್ನೂ ಬಿಡಬೇಡ ಅಂದವಳು ನಾನು, ಕುಂಕುಮ ನೋಡಿ ನಕ್ಕವಳು ನಾನು, ಭಟ್ಟಿಗೆ ತುಂಬು ಅಂದವಳು ನಾನು. ಅವರು ಹೆಲ್ಮೆಟ್ ತೆಗೆದು, ಅದನ್ನು ಕನ್ನಡಿಗೆ ನೆಟ್ಟಗೆ ಸಿಕ್ಕಿಸಿ, ಆಮೇಲೆ ಮಾತಾಡಿದರು.

"ಇರಬಹುದು ಮಿಸ್. ಆದ್ರೆ ನಿಮ್ಮನ್ನ ಕಳಿಸಿದ್ರೆ ಬರೆಯೋರು ಯಾರು? ಭಟ್ಟಿ ತುಂಬಾಕೆ ಯಾರಾದ್ರೂ ಸಿಗ್ತಾರೆ."

ಈ ಮಾತು ಕೇಳಿದ್ದೇ ನನಗೇನೋ ಆಯಿತು. ಕಾನ್ವೆಂಟಿನ ಹನ್ನೆರಡು ವರ್ಷದಲ್ಲಿ ಕಲಿತ ಪೊಲೈಟ್‌ನೆಸ್ ಎಲ್ಲ ಹಾರಿಹೋಯಿತು.

"ಹೊಸ ಆಕಾಶ ಬರೆದು ಸುಡಲು ಈಗ ಟೈಮಿಲ್ಲ ಸಾರ್. ಶುಕ್ರವಾರ ಗೋಡೆ ಮೇಲೆ ಇದೇ ಆಕಾಶ ಇರಲಿ. ಸಾಬರಿಗೆ ನಡೆದದ್ದನ್ನೆಲ್ಲ ನಾನೇ ಹೇಳ್ತೀನಿ. ಬೇಡ ಅಂದ್ರೆ, ಹೊಸದು ಬರೆದುಕೊಟ್ಟು ಆ ದಿನವೇ ನಾನು ಕೆಲಸ ಬಿಡ್ತೀನಿ. ಬೇಕು ಅಂದ್ರೆ ರುದ್ರಕ್ಕ ವಾಪಸ್ ಬರಬೇಕು. ನೀವೇ ಅವಳ ಹಟ್ಟಿಗೆ ಹೋಗಿ ಕರೀಬೇಕು."

"ನಾನಾ?"

"ನೀವೇ."

ಅವರಿಗೂ ಬೇರೆ ದಾರಿ ಇರಲಿಲ್ಲ. ತಲೆಯಾಡಿಸಿದರು. ನಾನು ಒಳಗೆ ಹೋಗಿ ಟೇಬಲ್ ಮುಂದೆ ಕುಳಿತೆ. ಭಯವಾಗಬೇಕಿತ್ತು. ಬದಲಿಗೆ ಮೈ ಹಗುರಾಗಿ, ಶಾಲೆಯ ಪ್ರೇಯರ್ ಹಾಡನ್ನು ಗುನುಗುತ್ತ ಟೈಲಿನ ಹಿಂದೆ ನಂಬರ್ ಹಾಕಿದೆ. ಪಕ್ಕದ ಟೇಬಲಿನವಳು "ಮಿಸ್, ಹುಷಾರಾಗಿದ್ದೀರಾ?" ಎಂದು ಎರಡು ಸಲ ಕೇಳಿದಳು.

ಗುರುವಾರ ಟೈಲ್ ಕೂರಿಸುವವರು ಗೋಡೆಗೆ ಹಾಕಿ ಮುಗಿಸಿದರು. ಶುಕ್ರವಾರ ನಮಾಜ್ ಮುಗಿಸಿ ಬಾಷಾ ಸಾಬರು ಹಾಲಿಗೆ ಬಂದಾಗ ನಾನೂ ಗಂಗಾಧರಪ್ಪನವರೂ ಗೋಡೆಯ ಮುಂದೆ ತಪ್ಪು ಮಾಡಿದ ಮಕ್ಕಳ ಹಾಗೆ ನಿಂತಿದ್ದೆವು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಸಾಬರು ತಲೆಯೆತ್ತಿ ಬಹಳ ಹೊತ್ತು ಆಕಾಶ ನೋಡಿದರು.

"ವಿಭೂತಿ ಅಂದ್ರೆ ಬೂದಿ ತಾನೆ ಮಿಸ್? ನಮ್ಮ ಒಲೆಯಾಗೆ ದಿನಾ ಒಂದು ಪುಟ್ಟಿ ಬೀಳ್ತೈತೆ. ಬೂದಿ ಮೇಲೆ ನಂದೇನೂ ತಕರಾರಿಲ್ಲ. ಆಕಾಶ ಕೆಟ್ಟಿದ್ರೆ ತಕರಾರೈತೆ. ಕೆಟ್ಟೈತೋ ಇಲ್ವೋ, ಅದು ನನಗೆ ತಿಳಿಯಲ್ಲ. ನಾನು ಹುಟ್ಟಿದ್ದು ಹಿರಿಯೂರಾಗೆ. ಅಮ್ಮಿ ಹೇಳಲಿ. ಆದ್ರೆ ನೀವು ಮೊದಲೇ ಅವರಿಗೆ ಏನೂ ಹೇಳಬಾರದು."

ಅಮ್ಮಿಯನ್ನು ಇಬ್ಬರು ಸೊಸೆಯರು ಕೈ ಹಿಡಿದು ಕರೆತಂದರು. ಚಿಕ್ಕ ಆಕೃತಿ, ದೊಡ್ಡ ಕನ್ನಡಕ, ಬಿಳಿ ದುಪಟ್ಟಾ. ಕುರ್ಚಿಯಲ್ಲಿ ಕುಳಿತು, ಕನ್ನಡಕವನ್ನು ದುಪಟ್ಟಾದ ತುದಿಯಿಂದ ಒರೆಸಿ ಹಾಕಿಕೊಂಡು, ಕೆಳಗಿನಿಂದ ಶುರು ಮಾಡಿದರು. ಹೆಣ್ಣು ನೋಡಲು ಬಂದ ಅತ್ತೆಯೂ ಅಷ್ಟು ಕೂಲಂಕಷವಾಗಿ ನೋಡುವುದಿಲ್ಲ.

"ಮಸೀದಿ ಸರಿ ಐತೆ. ಮೆಟ್ಟಿಲು ಒಂದು ಜಾಸ್ತಿ ಆಯ್ತು." ನಾನು ಮೆಟ್ಟಿಲು ಎಣಿಸತೊಡಗಿದೆ. "ಆಡು ಚೆನ್ನಾಗೈತೆ. ಇದೇನಿದು, ಇಷ್ಟು ಹೂವು? ಸಿರಾದಾಗೆ ಇಷ್ಟು ಹೂವಾ? ಯಾರ ಮದುವೆ?"

ಸೊಸೆಯರು ದುಪಟ್ಟಾದೊಳಗೆ ನಕ್ಕರು. ಅಮ್ಮಿಯ ಕಣ್ಣು ಮೇಲಕ್ಕೇರಿತು. ಅಲ್ಲೇ ನಿಂತಿತು. ನಾನು ಗಂಗಾಧರಪ್ಪನವರ ಕಡೆ ನೋಡಲಿಲ್ಲ. ಅವರು ಉಂಗುರವನ್ನು ತಿರುಗಿಸುತ್ತಿದ್ದದ್ದು ಮಾತ್ರ ಕಾಣುತ್ತಿತ್ತು.

"ಮೇಲಿಂದು ಬರೆದೋರು ಯಾರು?"

"ರುದ್ರಕ್ಕ ಅಂತ," ಅಂದೆ.

"ಸಿರಾದೋಳಾ?"

"ಅಲ್ಲಮ್ಮ. ಇಲ್ಲೇ, ಐಮಂಗಲದ ಹತ್ತಿರದವಳು."

"ಈ ಸೀಮೆಯೋಳೇ ಅಂದ್ಕೊಂಡೆ. ಅವಳಿಗೆ ಗೊತ್ತೈತೆ." ಅಮ್ಮಿ ಕೈ ಎತ್ತಿ ಪಟ್ಟೆಗಳನ್ನು ಗಾಳಿಯಲ್ಲೇ ಸವರಿದರು. "ಮಾಳಿಗೆ ಮೇಲೆ ಮೆಣಸಿನಕಾಯಿ ಹರವಿ ನಾವು ಇದೇ ಮೋಡ ಕಾಯ್ತಾ ಕುಂತಿರ್ತಿದ್ವಿ. ಮಳೆ ಬಂದ್ರೆ ಎತ್ತಿಡಬೇಕಲ್ಲ. ಇಂಗೇ ಬರ್ತಿದ್ವು, ತೆಳ್ಳಗೆ, ಸಾಲು ಸಾಲು. ಒಂದು ಹನಿ ಹಾಕ್ತಿರಲಿಲ್ಲ. ನಮ್ಮ ದಾದಿ, ಅಪ್ಪನ ತಾಯಿ, ಬೈತಿದ್ರು, ಮದುವೆಗೆ ಬಂದ ನೆಂಟರ ಥರಾ ಬರ್ತಾವೆ, ಉಂಡು ಹೋಗ್ತಾವೆ, ಮುಯ್ಯಿ ಮಾತ್ರ ಮಾಡಲ್ಲ ಅಂತ."

ಸಾಬರು ನಗಲು ಶುರು ಮಾಡಿದರು. ಅಮ್ಮಿ ನಗಲಿಲ್ಲ. ಇನ್ನೂ ಮೇಲೆಯೇ ನೋಡುತ್ತಿದ್ದರು.

"ಕೆಳಗೆ ಬರೆದೋರು ಪುಸ್ತಕ ನೋಡಿ ಬರೆದಾರೆ. ಮೇಲೆ ಬರೆದೋಳು ಆಕಾಶ ನೋಡಿ ಬರೆದಾಳೆ."

ಹುಡುಗಿಯರೇ, ಮೂವತ್ತೊಂದು ವರ್ಷದ ಸರ್ವಿಸ್ಸಿನಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಅತ್ಯಂತ ಸರಿಯಾದ ರಿವ್ಯೂ ಇದು. ನನಗೆ ಅವಮಾನವಾಗಬೇಕಿತ್ತು. ಆದರೆ ಹೊಟ್ಟೆಯೊಳಗಿನಿಂದ ಗುಳುಗುಳು ಎಂದು ನಗು ಎದ್ದು ಬಂತು. ನಾನು ಅಮ್ಮಿಯ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕುಳಿತು, ಕೆಳಗೆ ಬರೆದವಳು ನಾನೇ ಎಂದೂ, ಮೇಲಿನದು ಆಯುಧ ಪೂಜೆಯ ವಿಭೂತಿ ಎಂದೂ ಹೇಳಿದೆ. ಅಮ್ಮಿ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ಆಮೇಲೆ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. ಆ ನಗು ನಿಲ್ಲಲು ಸೊಸೆಯರು ನೀರು ಕುಡಿಸಬೇಕಾಯಿತು.

"ಅವಳನ್ನ ಒಂದ್ಸಲ ಕರ್ಕೊಂಡು ಬರ್ರಿ," ಅಂದರು ಉಸಿರು ತೆಗೆದುಕೊಂಡು. "ಕೈ ನೋಡ್ಬೇಕು."

"ಎದುರಿನ ಗೋಡೆಗೆ ಸಿರಾ ಕೆರೆ ಬರಲಿ ಮಿಸ್," ಅಂದರು ಸಾಬರು. "ಹೂವು ಕಮ್ಮಿ ಮಾಡ್ರಿ. ಮೇಲೆ ಮಾತ್ರ ಸೇಮ್ ಇದೇ ಮೋಡ. ಅವರ ಕೈಯಿಂದಾನೇ ಆಗ್ಬೇಕು."

ಗಂಗಾಧರಪ್ಪನವರು ಸ್ಕೂಟರಿನ ಕೀಲಿ ಹುಡುಕಿದರು.

ಅಲ್ಲಿಂದ ಹಟ್ಟಿ ಹತ್ತಿರವೇ. ಅವರ ಸ್ಕೂಟರಿನ ಹಿಂದೆ ಕುಳಿತು ಹೋದೆ. ಮಣ್ಣಿನ ದಾರಿಯಲ್ಲಿ ಇಬ್ಬರೂ ಎಗರೆಗರಿ ಬೀಳುತ್ತಿದ್ದೆವು, ನಾನು ನಗುತ್ತಿದ್ದೆ, ಅವರು "ಗಟ್ಟಿಯಾಗಿ ಹಿಡ್ಕಳ್ರಿ ಮಿಸ್" ಅನ್ನುತ್ತಿದ್ದರು. ರುದ್ರಕ್ಕ ಮನೆಯ ಮುಂದೆ ಕುರಿಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ಗಂಗಾಧರಪ್ಪನವರು ಗಾಡಿಯನ್ನು ನೇರವಾಗಿ ನಿಲ್ಲಿಸುವ ಜಾಗ ಹುಡುಕುತ್ತಿದ್ದಾಗ ನಾನು ಮೊದಲು ಅವಳ ಹತ್ತಿರ ಹೋದೆ.

"ಸಾರ್‌ಗೆ ಎಲ್ಲ ಹೇಳಿದೆ ರುದ್ರಕ್ಕ. ಅವತ್ತೇ ಹೇಳಬೇಕಿತ್ತು. ಒಂದು ದಿನ ತಡ ಆಯ್ತು."

ಅವಳು ಮರಿಯ ಬಾಯಿ ಒರೆಸಿದಳು. "ಭಟ್ಟಿ ಆರಾಕೂ ಒಂದಿನ ಬೇಕಲ್ಲ, ಬಿಡ್ರಿ ಮಿಸ್."

ಅಷ್ಟೇ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಗಂಗಾಧರಪ್ಪನವರು ಬಂದು ಗಂಟಲು ಸರಿಮಾಡಿಕೊಂಡರು. "ನಾಳೆಯಿಂದ ಕೆಲಸಕ್ಕೆ ಬಾರಮ್ಮ."

"ಯಾಕ್ ಸಾರ್?"

"ಸಾಬ್ರು ಇನ್ನೊಂದು ಗೋಡೆ ಆರ್ಡರ್ ಕೊಟ್ಟವ್ರೆ. ಅದರಾಗೆ... ಅದೇ ಪಟ್ಟೆ ಬೇಕಂತೆ."

"ಯಾವ ಪಟ್ಟೆ ಸಾರ್?"

ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು ಅವಳಿಗೆ ಗೊತ್ತಿದೆಯೆಂದು. "ವಿಭೂತೀದಮ್ಮ," ಅಂದರು ತಗ್ಗಿದ ದನಿಯಲ್ಲಿ.

ರುದ್ರಕ್ಕ ಮರಿಯನ್ನು ನೆಲಕ್ಕೆ ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನಿಧಾನವಾಗಿ ಎದ್ದು ನಿಂತಳು. "ಈಗ ಹೆಂಗಾಗುತ್ತೆ ಸಾರ್? ಆಯುಧ ಪೂಜೆ ಇನ್ನ ಮುಂದಿನ ವರ್ಷ ಅಲ್ವ."

ನೇರ ಗೆರೆಯ ಮನುಷ್ಯ ಸುತ್ತ ನೋಡಿದರು. ಕುರಿಗಳ ಕಡೆ, ನನ್ನ ಕಡೆ, ಮೇಲೆ ತೆಳ್ಳಗೆ ಸಾಲು ಸಾಲಾಗಿ ಹೋಗುತ್ತಿದ್ದ ಮೋಡಗಳ ಕಡೆ.

"ಸೋಮವಾರ ಇನ್ನೊಂದ್ಸಲ ಮಾಡಾಣಮ್ಮ," ಅಂದರು. "ಕಾಯಿ ನಾನೇ ತರ್ತೀನಿ."

"ಬೂದುಗುಂಬಳಕಾಯೀನೂ ತರ್ರಿ," ಅಂದಳು ರುದ್ರಕ್ಕ. "ಅರ್ಧಂಬರ್ಧ ಪೂಜೆ ನಾನು ಮಾಡಲ್ಲ."